ಹಸಿರು ದೀಪವಿದ್ದಾಗಲೂ ತಡೆದ ಕೈ: ಒಂದು ಜಂಕ್ಷನ್‌ನ ಐದು ವಾರ

ನಾನು ಕೆಲಸ ಮಾಡುವ ಕಟ್ಟಡದ ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತರೆ ನಾಲ್ಕು ರಸ್ತೆಗಳು ಕೂಡುವ ಒಂದು ಜಂಕ್ಷನ್ ಅಂಗೈ ಮೇಲಿಟ್ಟಂತೆ ಕಾಣುತ್ತದೆ. ಅಲ್ಲಿ ಐದು ವಾರಗಳ ಕಾಲ ಸಂಜೆಯ ಹೊತ್ತು ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ಅವಧಿಯಲ್ಲಿ ರಸ್ತೆ ಅದೇ ಇತ್ತು, ಮನೆಗೆ ಹೊರಟವರ ಅವಸರವೂ ಅದೇ ಇತ್ತು. ಬದಲಾದದ್ದು ನಡುವೆ ನಿಂತವರು. ಮೊದಲು ಯಾರೂ ಇರಲಿಲ್ಲ, ಆಮೇಲೆ ಒಬ್ಬ ಸಂಚಾರ ಪೊಲೀಸ್ ಅಧಿಕಾರಿ ಬಂದರು, ಅವರ ನಂತರ ಇನ್ನೊಬ್ಬರು ಬಂದರು. ಒಂದೇ ಜಾಗದಲ್ಲಿ ಈ ಮೂರನ್ನೂ ಬೆನ್ನುಬೆನ್ನಿಗೆ ನೋಡುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿದ್ದರಿಂದ ಗಡಿಯಾರ ಮತ್ತು ನೋಟ್‌ಬುಕ್ ಹಿಡಿದು ಕಿಟಕಿಯ ಬಳಿ ನಿಂತೆ.

ಅದಕ್ಕೂ ಮೊದಲು ನನಗೊಂದು ಗಟ್ಟಿ ಅಭಿಪ್ರಾಯವಿತ್ತು. ಸಿಗ್ನಲ್ ಸರಿಯಾಗಿ ಕೆಲಸ ಮಾಡುತ್ತಿರುವಾಗ ಪೊಲೀಸರು ಅದರಲ್ಲಿ ಕೈಯಾಡಿಸಿದರೆ ದಟ್ಟಣೆ ಹೆಚ್ಚುತ್ತದೆ, ಸಿಗ್ನಲ್ ಕೆಟ್ಟಾಗ ಮಾತ್ರ ಅವರು ಬೇಕು ಎಂದು ನಂಬಿದ್ದೆ. ಅದರಲ್ಲಿ ಅರ್ಧ ನಿಜ ಉಳಿಯಿತು, ಇನ್ನರ್ಧ ಬಿದ್ದುಹೋಯಿತು. ಬಿದ್ದುಹೋದ ಅರ್ಧಕ್ಕಾಗಿಯೇ ಈ ಬರಹ.

ಜಾಗ ಮತ್ತು ಅದರ ತೊಂದರೆ

ಮುಖ್ಯರಸ್ತೆ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ, ಒಂದೊಂದು ದಿಕ್ಕಿಗೆ ಎರಡು ಲೇನ್. ಅದನ್ನು ಕತ್ತರಿಸುವ ಅಡ್ಡರಸ್ತೆ ಕಿರಿದು, ದಿಕ್ಕಿಗೆ ಒಂದೇ ಲೇನ್. ಸಂಜೆಯ ಹೊರೆಯೆಲ್ಲ ಉತ್ತರಕ್ಕೆ ಹೊರಟ ವಾಹನಗಳದು. ಉತ್ತರಕ್ಕೆ ಸುಮಾರು 200 ಮೀಟರ್ ಹೋದರೆ ಇನ್ನೊಂದು ಸಿಗ್ನಲ್ ಇದೆ. ನಮ್ಮ ಜಂಕ್ಷನ್‌ನ ಸಿಗ್ನಲ್ 100 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತಿತ್ತು. ಮುಖ್ಯರಸ್ತೆಗೆ 50 ಸೆಕೆಂಡ್ ಹಸಿರು, ಅಡ್ಡರಸ್ತೆಗೆ 40, ಉಳಿದ 10 ಸೆಕೆಂಡ್ ಹಳದಿಗೂ ಎಲ್ಲ ದಿಕ್ಕಿಗೂ ಕೆಂಪು ಬೀಳುವ ಬಿಡುವಿಗೂ ಹೋಗುತ್ತಿತ್ತು. ವರ್ಷಗಟ್ಟಲೆ ಈ ಲೆಕ್ಕ ಚೆನ್ನಾಗಿಯೇ ನಡೆದಿತ್ತು.

ಒಂದು ಸೋಮವಾರ ಉತ್ತರದ ಆ ಇನ್ನೊಂದು ಸಿಗ್ನಲ್ ಬಳಿ ಕೊಳವೆ ಹಾಕುವ ಕೆಲಸ ಶುರುವಾಯಿತು. ಎರಡು ಲೇನ್‌ಗಳಲ್ಲಿ ಒಂದನ್ನು ಅಗೆದು ಬೇಲಿ ಕಟ್ಟಿದರು. ನಮ್ಮ ಜಂಕ್ಷನ್‌ನಲ್ಲಿ ಒಂದು ಕಲ್ಲೂ ಅಲುಗಿರಲಿಲ್ಲ, ಸಿಗ್ನಲ್ ಕೂಡ ಎಂದಿನಂತೆ ನಡೆಯುತ್ತಿತ್ತು. ಆದರೂ ಅದೇ ಸಂಜೆಯಿಂದ ನಮ್ಮ ಜಂಕ್ಷನ್ ಉಸಿರು ಕಟ್ಟಿತು.

ಏಕೆಂದು ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ಹಸಿರು ಬಿದ್ದ ಮೇಲೆ ಸಾಲಿನಲ್ಲಿ ನಿಂತ ಕಾರುಗಳು ಒಂದು ಲೇನ್‌ನಿಂದ ಹೆಚ್ಚುಕಡಿಮೆ ಎರಡು ಸೆಕೆಂಡಿಗೆ ಒಂದರಂತೆ ದಾಟುತ್ತವೆ. ಸಂಚಾರ ಎಂಜಿನಿಯರುಗಳು ಗಂಟೆಗೆ 1800ರಿಂದ 1900 ಎನ್ನುವುದು ಇದನ್ನೇ. ಹೊರಡುವಾಗಿನ ತಡವರಿಕೆಗೆ ಎರಡು ಸೆಕೆಂಡ್ ಕಳೆದರೆ, 50 ಸೆಕೆಂಡ್ ಹಸಿರಿನಲ್ಲಿ ಎರಡು ಲೇನ್ ಸೇರಿ 48 ವಾಹನಗಳು ಉತ್ತರಕ್ಕೆ ನುಗ್ಗುತ್ತವೆ. ಮುಂದಿನ ಸಿಗ್ನಲ್‌ನಲ್ಲಿ ಈಗ ಉಳಿದದ್ದು ಒಂದೇ ಲೇನ್. ಅಲ್ಲಿ 45 ಸೆಕೆಂಡ್ ಹಸಿರಿದ್ದರೆ ಒಂದು ಸುತ್ತಿಗೆ 22 ವಾಹನ ಹೊರಬೀಳುತ್ತವೆ, ಅಷ್ಟೇ. ಎರಡು ಸಿಗ್ನಲ್‌ಗಳ ನಡುವಿನ 200 ಮೀಟರಿನಲ್ಲಿ, ವಾಹನವೊಂದಕ್ಕೆ ಮುಂದಿನ ಅಂತರವೂ ಸೇರಿ ಏಳು ಮೀಟರ್ ಎಂದುಕೊಂಡರೆ, ಎರಡು ಲೇನ್‌ಗಳಲ್ಲಿ ಸುಮಾರು 56 ವಾಹನ ಹಿಡಿಯುತ್ತವೆ. ಒಂದು ಸುತ್ತಿಗೆ 48 ಒಳಗೆ ಬಂದು 22 ಹೊರಗೆ ಹೋದರೆ 26 ಉಳಿಯುತ್ತವೆ. ಎರಡು ಸುತ್ತಿಗೆ ಜಾಗ ಬಹುತೇಕ ತುಂಬುತ್ತದೆ. ಮೂರನೇ ಸುತ್ತಿನಲ್ಲಿ ಬಂದವರಿಗೆ ನಿಲ್ಲಲು ಉಳಿಯುವುದು ಜಂಕ್ಷನ್‌ನ ನಟ್ಟನಡುವೆ ಮಾತ್ರ.

ಸಂಜೆಯ ದಟ್ಟಣೆ ಶುರುವಾಗಿ ಐದು ನಿಮಿಷ ಕಳೆಯುವಷ್ಟರಲ್ಲಿ ಇದು ಮುಗಿದುಹೋಗಿರುತ್ತದೆ ಎಂಬುದನ್ನು ಗಮನಿಸಬೇಕು.

ಯಾರೂ ಇಲ್ಲದ ದಿನಗಳು

ಮೊದಲ ವಾರ ಅಲ್ಲಿ ಯಾರೂ ಇರಲಿಲ್ಲ. ಕಿಟಕಿಯಿಂದ ಕಂಡದ್ದು ದಿನವೂ ಒಂದೇ. ಮುಖ್ಯರಸ್ತೆಗೆ ಹಸಿರು ಬೀಳುತ್ತದೆ. ಮುಂದಿನ ಗಾಡಿ ಹೊರಟಿತೆಂದು ಹಿಂದಿನದೂ ಹೊರಡುತ್ತದೆ. ಆಚೆ ಜಾಗವಿಲ್ಲದೆ ಏಳೆಂಟು ಗಾಡಿಗಳು ನಡುವೆ ಸಿಕ್ಕಿಕೊಳ್ಳುತ್ತವೆ. ದೀಪ ಕೆಂಪಾಗುತ್ತದೆ, ಅಡ್ಡರಸ್ತೆಗೆ ಹಸಿರು ಬೀಳುತ್ತದೆ, ಆದರೆ ಆ ಹಸಿರು ನೋಡುವುದಕ್ಕಷ್ಟೇ. ಮುಂದೆ ಬಸ್ಸೊಂದು ಅಡ್ಡಲಾಗಿ ನಿಂತಿರುತ್ತದೆ. ಅಡ್ಡರಸ್ತೆಯವರು ಸುಮ್ಮನಿರುತ್ತಾರೆಯೇ? ಸಂದು ಸಿಕ್ಕಲ್ಲಿ ಮೂತಿ ತೂರಿಸುತ್ತಾರೆ. ಬಸ್ಸಿನ ಮುಂದೊಂದು ಬೈಕ್, ಬೈಕಿನ ಪಕ್ಕಕ್ಕೊಂದು ಕಾರು. ಮತ್ತೆ ಮುಖ್ಯರಸ್ತೆಗೆ ಹಸಿರು ಬರುವ ಹೊತ್ತಿಗೆ ನಡುವಿನ ಜಾಗದಲ್ಲಿ ನಾಲ್ಕೂ ದಿಕ್ಕಿಗೆ ಮುಖ ಮಾಡಿದ ಗಾಡಿಗಳು ಹೆಣೆದುಕೊಂಡಿರುತ್ತವೆ. ಅಡ್ಡರಸ್ತೆಗೆ 40 ಸೆಕೆಂಡ್ ಹಸಿರಿದ್ದರೂ ಎರಡು ಮೂರು ವಾಹನ ಮಾತ್ರ ದಾಟಿದ ಸುತ್ತುಗಳನ್ನು ನಾನು ಎಣಿಸಿ ಸಾಕಾಗಿ ಬಿಟ್ಟೆ. ಸರಾಗವಾಗಿದ್ದರೆ ಅಷ್ಟು ಹೊತ್ತಿನಲ್ಲಿ ಹತ್ತೊಂಬತ್ತು ಇಪ್ಪತ್ತು ದಾಟಬೇಕು.

ಈ ಸ್ಥಿತಿ ಒಂದು ಜಂಕ್ಷನ್‌ನಿಂದ ಇನ್ನೊಂದಕ್ಕೆ ಹಬ್ಬಿ, ಒಂದರ ಬಾಲ ಇನ್ನೊಂದರ ತಲೆಯನ್ನು ಕಟ್ಟಿಹಾಕಿದಾಗ ಅದನ್ನು ಗ್ರಿಡ್‌ಲಾಕ್ ಎನ್ನುತ್ತಾರೆ. 1980ರಲ್ಲಿ ನ್ಯೂಯಾರ್ಕ್‌ನ ಬಸ್ಸು ಮತ್ತು ರೈಲು ನೌಕರರು ಮುಷ್ಕರ ಹೂಡಿದಾಗ ಊರಿಗೆ ಊರೇ ಕಾರು ತೆಗೆದು ರಸ್ತೆಗಿಳಿದಿತ್ತು, ಆ ಪದ ಜನರ ಬಾಯಿಗೆ ಬಂದದ್ದು ಆಗಲೇ. ಬ್ರಿಟನ್‌ನಲ್ಲಿ 1967ರಿಂದ ಜಂಕ್ಷನ್‌ನ ನಡುವೆ ಹಳದಿ ಗೆರೆಗಳ ಜಾಲರಿ ಬರೆಯುವ ಪದ್ಧತಿ ಬಂದದ್ದೂ ಇದೇ ಕಾರಣಕ್ಕೆ. ಆಚೆ ಜಾಗವಿಲ್ಲದೆ ಈ ಜಾಲರಿಯೊಳಗೆ ಬರಬೇಡಿ ಎಂಬುದು ಅದರ ಅರ್ಥ. ನಮ್ಮ ಜಂಕ್ಷನ್‌ನಲ್ಲಿಯೂ ಅಂಥ ಜಾಲರಿ ಇತ್ತು. ಅದರ ಮೇಲೆ ಸದಾ ಗಾಡಿಗಳು ನಿಂತಿರುತ್ತಿದ್ದುದರಿಂದ ಬಣ್ಣ ಕಾಣುತ್ತಿರಲಿಲ್ಲ.

ಒಬ್ಬೊಬ್ಬ ಚಾಲಕನನ್ನೇ ದೂರುವುದು ಸುಲಭ. ಕಾರಿನೊಳಗೆ ಕುಳಿತವನ ಕಣ್ಣಿಗೆ ಮುಂದಿನ ಬಸ್ಸಿನ ಹಿಂಭಾಗ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹಸಿರು ಬಿದ್ದಿದೆ, ಹಿಂದಿನಿಂದ ಹಾರ್ನ್ ಕೇಳುತ್ತಿದೆ, ನಿಂತರೆ ಪಕ್ಕದವನು ನುಗ್ಗುತ್ತಾನೆ. ಅಲ್ಲಿ ನಿಲ್ಲುವ ಧೈರ್ಯ ಒಬ್ಬನಿಗೆ ಬಂದರೂ ಪ್ರಯೋಜನವಿಲ್ಲ, ಎಲ್ಲರಿಗೂ ಏಕಕಾಲಕ್ಕೆ ಬರಬೇಕು. ಸಿಗ್ನಲ್‌ಗೂ ಇದು ಗೊತ್ತಾಗದು. ಅದು ಕಾಲವನ್ನು ಎಣಿಸುತ್ತದೆ, ಜಾಗವನ್ನು ಎಣಿಸುವುದಿಲ್ಲ.

ಮೊದಲ ಅಧಿಕಾರಿ

ಎರಡನೇ ವಾರ ಒಬ್ಬ ಯುವ ಅಧಿಕಾರಿ ಬಂದರು. ಕಂಬದ ಪಕ್ಕದ ಪೆಟ್ಟಿಗೆ ತೆರೆದು ಸಿಗ್ನಲನ್ನು ಕೈಯಿಂದ ನಡೆಸುವ ಸ್ಥಿತಿಗೆ ಬದಲಿಸಿಕೊಂಡರು. ಬಹಳ ಶ್ರದ್ಧೆಯ ಮನುಷ್ಯ. ಮೂರು ಗಂಟೆ ಕೂರದೆ ನಿಂತಿರುತ್ತಿದ್ದರು, ಮಳೆ ಬಂದಾಗಲೂ ನಿಂತರು. ಆದರೆ ಅವರ ಕೈಯಲ್ಲಿ ಜಂಕ್ಷನ್ ಸುಧಾರಿಸಲಿಲ್ಲ, ಇನ್ನಷ್ಟು ಹದಗೆಟ್ಟಿತು.

ಅವರು ಮಾಡಿದ್ದು ಇಷ್ಟು: ಮುಖ್ಯರಸ್ತೆಯ ಸಾಲು ಉದ್ದವಾಗಿದೆ, ಆದ್ದರಿಂದ ಅದನ್ನು ಬಿಡುತ್ತಲೇ ಇರೋಣ ಎಂದು ಮೂರು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಸಿರು ಕೊಟ್ಟರು. ಇದರ ಹಿಂದೆ ಒಂದು ತರ್ಕವಿದೆ, ಅದು ತಪ್ಪು ತರ್ಕವೂ ಅಲ್ಲ. ದಿಕ್ಕು ಬದಲಾದಾಗಲೆಲ್ಲ ಕೆಲವು ಸೆಕೆಂಡ್ ಯಾರಿಗೂ ದಕ್ಕದೆ ಪೋಲಾಗುತ್ತವೆ. 100 ಸೆಕೆಂಡಿನ ಸುತ್ತಿನಲ್ಲಿ 10 ಸೆಕೆಂಡ್ ಹೋದರೆ ನೂರಕ್ಕೆ ಹತ್ತು ಪಾಲು ನಷ್ಟ, 300 ಸೆಕೆಂಡಿನ ಸುತ್ತಾದರೆ ನಷ್ಟ ನೂರಕ್ಕೆ ಮೂರು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಹೀಗೆ ನೋಡಿದರೆ ಸುತ್ತು ಉದ್ದವಾದಷ್ಟೂ ಲಾಭ. 1958ರಲ್ಲಿ ಬ್ರಿಟನ್‌ನ ಎಫ್. ವಿ. ವೆಬ್‌ಸ್ಟರ್ ಈ ಪೋಲು ಮತ್ತು ಕಾಯುವಿಕೆಯ ನಡುವಿನ ತೂಕವನ್ನು ಒಂದು ಸೂತ್ರಕ್ಕೆ ಇಳಿಸಿದರು. ಸುತ್ತು ತೀರ ಚಿಕ್ಕದಾದರೆ ಪೋಲು ಹೆಚ್ಚು, ತೀರ ಉದ್ದವಾದರೆ ಕಾಯುವಿಕೆ ಹೆಚ್ಚು, ನಡುವೆ ಒಂದು ಹದವಿದೆ. ಇಂದಿಗೂ ಎಂಜಿನಿಯರುಗಳು ಸಿಗ್ನಲ್‌ನ ಕಾಲ ಗೊತ್ತುಮಾಡಲು ಕೂತಾಗ ಮೊದಲು ಕಲಿಯುವುದು ಆ ಸೂತ್ರವನ್ನೇ.

ನಮ್ಮ ಜಂಕ್ಷನ್‌ನಲ್ಲಿ ಆ ಲಾಭವೂ ದಕ್ಕಲಿಲ್ಲ. ಮುಖ್ಯರಸ್ತೆಗೆ ಎಷ್ಟೇ ಹಸಿರು ಕೊಟ್ಟರೂ ಉತ್ತರದ ಬಾಗಿಲು ಸುತ್ತಿಗೆ 22 ವಾಹನವನ್ನಷ್ಟೇ ನುಂಗುತ್ತಿತ್ತು. ಮೂರು ನಿಮಿಷದ ಹಸಿರಿನಲ್ಲಿ ಬಹುಪಾಲು ಹೊತ್ತು ಗಾಡಿಗಳು ಹಸಿರು ದೀಪದ ಕೆಳಗೇ ನಿಂತಿರುತ್ತಿದ್ದವು. ಅಡ್ಡರಸ್ತೆಯಲ್ಲಿಯೋ, ಐದು ಸೆಕೆಂಡಿಗೊಂದು ವಾಹನ ಬಂದು ಸೇರಿದರೂ 200 ಸೆಕೆಂಡಿಗೆ ನಲವತ್ತು ವಾಹನ, ಅಂದರೆ 280 ಮೀಟರ್ ಉದ್ದದ ಸಾಲು. ಆ ಸಾಲು ಹಿಂದಿನ ತಿರುವನ್ನು ದಾಟಿ ಅಲ್ಲಿನ ಇನ್ನೊಂದು ಕೂಡುರಸ್ತೆಯನ್ನೂ ಮುಚ್ಚಿತು. ಒಂದು ಕಡೆಯ ಗಂಟು ಬಿಡಿಸಲು ಹೋಗಿ ಎರಡು ಕಡೆ ಗಂಟು ಬಿತ್ತು.

ಇದನ್ನು ಅವರೊಬ್ಬರ ತಪ್ಪೆಂದು ನಾನು ಹೇಳಲಾರೆ. ಅವರು ನಿಂತಿದ್ದ ಜಾಗ ನೋಡಿದರೆ ಕಾರಣ ತಿಳಿಯುತ್ತದೆ. ಪೆಟ್ಟಿಗೆ ಇದ್ದದ್ದು ಜಂಕ್ಷನ್‌ನ ಉತ್ತರದ ಅಂಚಿನಲ್ಲಿ. ಅಲ್ಲಿ ನಿಂತು ಗುಂಡಿ ಒತ್ತುವವರ ಮುಖ ದಕ್ಷಿಣಕ್ಕೆ, ಬರುವ ಸಾಲಿನ ಕಡೆಗೆ ಇರುತ್ತದೆ. ಹೊರಹೋಗುವ ದಾರಿ ಅವರ ಬೆನ್ನ ಹಿಂದೆ. ಕಣ್ಣೆದುರಿಗೆ ದಿನವೂ ಉದ್ದವಾಗುತ್ತಿರುವ ಸಾಲು, ಹಾರ್ನ್ ಹೊಡೆಯುವ ಜನ, ಮುಖ್ಯರಸ್ತೆ ನಿಲ್ಲಬಾರದು ಎಂದು ಮೇಲಿನವರ ಫೋನು. ಆ ಸ್ಥಿತಿಯಲ್ಲಿ ಯಾರ ಬೆರಳಾದರೂ ಹಸಿರು ಗುಂಡಿಯನ್ನೇ ಒತ್ತುತ್ತದೆ. ಸಿಗ್ನಲ್ ಕಾಣದ್ದನ್ನು ಕಾಣಲೆಂದು ಮನುಷ್ಯರನ್ನು ನಿಲ್ಲಿಸಿ, ಅವರನ್ನೂ ಅದು ಕಾಣದ ಜಾಗದಲ್ಲಿಯೇ ನಿಲ್ಲಿಸಿದ್ದು ವ್ಯವಸ್ಥೆಯ ತಪ್ಪು.

ಎರಡನೆಯವರು

ಮೂರನೇ ವಾರದ ಆರಂಭದಲ್ಲಿ ಬಂದ ಅಧಿಕಾರಿ ನಡುವಯಸ್ಸು ದಾಟಿದ ಮಹಿಳೆ. ಮೊದಲ ದಿನ ಬಂದವರು ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ, ಸೀಟಿಯನ್ನೂ ಊದಲಿಲ್ಲ. ಕಾಲು ಗಂಟೆ ನಾಲ್ಕೂ ಮೂಲೆಗಳಲ್ಲಿ ಒಂದೊಂದು ಸಲ ನಿಂತು ನೋಡಿದರು. ಆಮೇಲೆ ಉತ್ತರದ ಕಡೆ ಸ್ವಲ್ಪ ದೂರ ನಡೆದುಹೋಗಿ ಮುಂದಿನ ಸಿಗ್ನಲನ್ನೂ ಅಗೆದ ಜಾಗವನ್ನೂ ನೋಡಿ ಮರಳಿ ಬಂದರು. ಕೊನೆಗೆ ಅವರು ಆರಿಸಿಕೊಂಡ ಜಾಗ ಪಶ್ಚಿಮದ ಮೂಲೆ, ಜಾಲರಿಯ ಅಂಚಿನಿಂದ ಎರಡು ಹೆಜ್ಜೆ ಹೊರಗೆ. ಅಲ್ಲಿಂದ ತಲೆಯನ್ನು ಒಂದಿಷ್ಟು ತಿರುಗಿಸಿದರೆ ಒಂದು ಕಡೆ ಮುಖ್ಯರಸ್ತೆಯ ನಿಲುಗಡೆ ಗೆರೆ, ಇನ್ನೊಂದು ಕಡೆ ಉತ್ತರಕ್ಕೆ ನಿಂತ ಸಾಲಿನ ಬಾಲ, ಎರಡೂ ಕಾಣುತ್ತವೆ.

ಆ ಸಂಜೆ ಮೊದಲ ಸಲ ಅವರು ಕೈ ಎತ್ತಿದಾಗ ಮುಖ್ಯರಸ್ತೆಗೆ ಹಸಿರು ಬಿದ್ದು ಇಪ್ಪತ್ತು ಸೆಕೆಂಡ್ ಕೂಡ ಆಗಿರಲಿಲ್ಲ. ನಾನು ಕಿಟಕಿಯ ಬಳಿ ನಿಂತು, ಇದೇನು ಹುಚ್ಚು ಎಂದುಕೊಂಡೆ. ಅವರು ಒಂದೇ ಹೆಜ್ಜೆ ರಸ್ತೆಗಿಟ್ಟರು. ಬರುತ್ತಿದ್ದ ಗಾಡಿಗಳಲ್ಲಿ ಯಾವುದು ನಿಲ್ಲಬಲ್ಲದು ಎಂದು ಕಣ್ಣಳತೆಯಲ್ಲೇ ಆರಿಸಿ, ಅದರ ಮುಂದಿನದನ್ನು ಹೋಗಲು ಬಿಟ್ಟು, ಆರಿಸಿದ ಗಾಡಿಯ ಚಾಲಕನ ಮುಖಕ್ಕೆ ನೇರವಾಗಿ ಅಂಗೈ ಚಾಚಿದರು. ಸೀಟಿ ಒಂದೇ ಸಲ, ಚಿಕ್ಕದಾಗಿ. ಚಾಲಕ ಅವರನ್ನು ನೋಡಿದ್ದು ಖಾತ್ರಿಯಾದ ಮೇಲೆ ಕತ್ತು ಸ್ವಲ್ಪ ಆಡಿಸಿದರು, ಕೃತಜ್ಞತೆಯೋ ಎಂಬಂತೆ. ಆತ ನಿಂತ, ಹಿಂದಿನವರೆಲ್ಲ ತಾವಾಗಿ ನಿಂತರು. ಪಕ್ಕದ ಲೇನ್‌ಗೂ ಹಾಗೆಯೇ ಇನ್ನೊಂದು ಕೈ. ಹಸಿರು ದೀಪ ಇನ್ನೂ ಉರಿಯುತ್ತಿತ್ತು, ಅದರ ಕೆಳಗೆ ಎರಡು ಲೇನ್‌ಗಳೂ ನಿಂತಿದ್ದವು, ಜಾಲರಿ ಖಾಲಿಯಾಗಿತ್ತು. ಎರಡು ವಾರಗಳಲ್ಲಿ ಮೊದಲ ಸಲ ಆ ಹಳದಿ ಗೆರೆಗಳನ್ನು ನೋಡಿದೆ.

ಅಡ್ಡರಸ್ತೆಗೆ ಹಸಿರು ಬಿದ್ದಾಗ ಅದರ ಸಾಲು ನೀರು ಬಿಟ್ಟಂತೆ ಹರಿಯಿತು.

ಮೇಲಿನ ಲೆಕ್ಕಕ್ಕೆ ಮರಳಿದರೆ ಅವರು ಮಾಡಿದ್ದರ ಸೊಗಸು ತಿಳಿಯುತ್ತದೆ. ಉತ್ತರದ ಬಾಗಿಲು ಸುತ್ತಿಗೆ 22 ವಾಹನಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ ಎಂದಾದರೆ, ಮುಖ್ಯರಸ್ತೆಯ ಎರಡು ಲೇನ್‌ಗಳಿಂದ ಹನ್ನೊಂದು ಹನ್ನೊಂದು ಬಿಟ್ಟರೆ ಸಾಕು. ಅದಕ್ಕೆ ಬೇಕಾದ ಹಸಿರು ಸುಮಾರು 25 ಸೆಕೆಂಡ್. ಅಡ್ಡರಸ್ತೆಯಿಂದ ಉತ್ತರಕ್ಕೆ ತಿರುಗುವವರಿಗೂ ಅದರಲ್ಲಿ ಪಾಲು ಕೊಡಬೇಕಾದ್ದರಿಂದ 20. ಉಳಿದ ಹಸಿರನ್ನು ತಡೆದದ್ದರಿಂದ ಮುಖ್ಯರಸ್ತೆಯವರು ಕಳೆದುಕೊಂಡದ್ದು ಏನೂ ಇಲ್ಲ. ಅವರು ಜಂಕ್ಷನ್‌ನ ನಡುವೆ ನಿಲ್ಲುವ ಬದಲು ಗೆರೆಯ ಹಿಂದೆ ನಿಂತರು, ಅಷ್ಟೇ. ಗಳಿಸಿದವರು ಮಾತ್ರ ಅಡ್ಡರಸ್ತೆಯವರೆಲ್ಲರೂ. ಯಾರಿಂದಲೂ ಕಿತ್ತುಕೊಳ್ಳದೆ ಇನ್ನೊಬ್ಬರಿಗೆ ಕೊಡುವ ಇಂಥ ಸಂದರ್ಭಗಳು ರಸ್ತೆಯ ಮೇಲೆ ಬಹಳ ಕಡಿಮೆ.

ನಾಲ್ಕನೇ ದಿನ ಕೆಳಗಿಳಿದು ಹೋಗಿ, ಅವರು ನೀರು ಕುಡಿಯಲು ಬದಿಗೆ ಬಂದಾಗ ಮಾತಾಡಿಸಿದೆ.

“ಮೇಡಂ, ಹಸಿರು ಇರುವಾಗಲೂ ತಡೆಯುತ್ತೀರಲ್ಲ, ಜನ ಬೈಯುವುದಿಲ್ಲವೇ?”

“ಬೈಯುತ್ತಾರೆ ಸರ್. ಆದರೆ ಆಚೆ ಜಾಗವಿಲ್ಲ. ಗಾಡಿ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕು. ನಡುವೆ ನಿಂತರೆ ನಾಲ್ಕು ರಸ್ತೆಗೆ ಅಡ್ಡ, ಗೆರೆಯ ಹಿಂದೆ ನಿಂತರೆ ಯಾರಿಗೂ ಅಡ್ಡವಿಲ್ಲ.”

“ಮತ್ತೆ ಯಾವಾಗ ಬಿಡಬೇಕು ಎಂದು ಹೇಗೆ ತಿಳಿಯುತ್ತದೆ? ಮುಂದಿನ ಸಿಗ್ನಲ್ ಹಸಿರಾದಾಗಲೇ?”

ಅವರು ತಲೆಯಾಡಿಸಿದರು. “ಅದು ಹಸಿರಾದ ತಕ್ಷಣ ಬಿಟ್ಟರೆ ಬೇಗವಾಯಿತು. ಸಾಲಿನ ಕೊನೆಯ ಗಾಡಿಯನ್ನು ನೋಡಿ. ಅದರ ಬ್ರೇಕ್ ದೀಪ ಆರಿದಾಗ ನಾನು ಬಿಡುತ್ತೇನೆ.”

ಮರಳಿ ಮೇಲೆ ಹೋಗಿ ಗಡಿಯಾರ ಹಿಡಿದು ನೋಡಿದೆ. ಮುಂದಿನ ಸಿಗ್ನಲ್ ಹಸಿರಾದದ್ದಕ್ಕೂ ಸಾಲಿನ ಬಾಲ ಅಲುಗಿದ್ದಕ್ಕೂ ನಡುವೆ ಮುಕ್ಕಾಲು ನಿಮಿಷಕ್ಕೆ ಸ್ವಲ್ಪ ಕಡಿಮೆ ಅಂತರ. ನಿಂತ ಸಾಲಿನಲ್ಲಿ ಹೊರಡುವ ಅಲೆ ಮುಂದಿನಿಂದ ಹಿಂದಕ್ಕೆ ಸೆಕೆಂಡಿಗೆ ಸುಮಾರು ಐದು ಮೀಟರಿನಂತೆ ಸಾಗುತ್ತದೆ, 200 ಮೀಟರಿಗೆ 40 ಸೆಕೆಂಡ್ ಎಂದು ಪಠ್ಯದಲ್ಲಿ ಓದಿದ್ದು ನೆನಪಾಯಿತು. ಅದನ್ನು ಅವರು ಬ್ರೇಕ್ ದೀಪದಲ್ಲಿ ಓದುತ್ತಿದ್ದರು.

ಕೈಯೋ ದೀಪವೋ

ದೀಪ ಒಂದು ಹೇಳುತ್ತಿದ್ದು ಪೊಲೀಸರ ಕೈ ಇನ್ನೊಂದು ಹೇಳಿದರೆ ಯಾವುದನ್ನು ಕೇಳಬೇಕು ಎಂಬ ಗೊಂದಲ ಅನೇಕರಲ್ಲಿದೆ. ಆ ವಾರ ಒಬ್ಬ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ದೀಪದ ಕಡೆ ಬೆರಳು ತೋರಿಸಿ ಜಗಳಕ್ಕೇ ನಿಂತ. ಉತ್ತರ ಸ್ಪಷ್ಟವಿದೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ ಆರನೇ ವಿಧಿಯ ಪ್ರಕಾರ, ಸಂಚಾರ ನಿಯಂತ್ರಿಸುವ ಅಧಿಕೃತ ವ್ಯಕ್ತಿಯ ಸೂಚನೆಗೆ ದೀಪ, ಫಲಕ, ರಸ್ತೆಯ ಗೆರೆ ಇವೆಲ್ಲಕ್ಕಿಂತ ಮೇಲಿನ ಸ್ಥಾನ. ಕೈಸನ್ನೆಗಳೂ ಅಲ್ಲಿ ಬರೆದಿವೆ. ಕೈಯನ್ನು ನೇರವಾಗಿ ಮೇಲಕ್ಕೆತ್ತಿದರೆ ಎಲ್ಲರೂ ನಿಲ್ಲಬೇಕು, ಆದರೆ ಸುರಕ್ಷಿತವಾಗಿ ನಿಲ್ಲಲಾಗದಷ್ಟು ಹತ್ತಿರ ಬಂದವರು ಹೋಗಬಹುದು. ತೋಳನ್ನು ಅಡ್ಡಕ್ಕೆ ಚಾಚಿದರೆ ಅದನ್ನು ಕತ್ತರಿಸಿ ಬರುವ ದಿಕ್ಕಿನವರು ನಿಲ್ಲಬೇಕು. ನಮ್ಮ ಅಧಿಕಾರಿ ಮುಂದಿನ ಗಾಡಿಯನ್ನು ಬಿಟ್ಟು ಹಿಂದಿನದನ್ನು ಆರಿಸಿ ನಿಲ್ಲಿಸಿದ್ದು ಈ ವಿನಾಯಿತಿಯ ಜೀವಂತ ರೂಪ.

ಇತಿಹಾಸ ನೋಡಿದರೂ ಕೈ ಮೊದಲು, ದೀಪ ಆಮೇಲೆ. 1868ರ ಡಿಸೆಂಬರ್‌ನಲ್ಲಿ ಲಂಡನ್‌ನ ಸಂಸತ್ ಭವನದ ಹೊರಗೆ ನಿಲ್ಲಿಸಿದ ಮೊದಲ ಸಿಗ್ನಲ್ ರೈಲ್ವೆ ಎಂಜಿನಿಯರ್ ಜೆ. ಪಿ. ನೈಟ್ ಅವರದು. ಹಗಲಿಗೆ ಮೇಲೆ ಕೆಳಗೆ ಆಡುವ ತೋಳುಗಳು, ರಾತ್ರಿಗೆ ಅನಿಲದ ದೀಪ. ಅದನ್ನು ನಡೆಸುತ್ತಿದ್ದವರು ಬುಡದಲ್ಲಿ ನಿಂತ ಪೊಲೀಸ್. ಮುಂದಿನ ಜನವರಿಯಲ್ಲೇ ಅನಿಲ ಸೋರಿ ಸ್ಫೋಟವಾಗಿ ಆ ಪೊಲೀಸ್ ಗಾಯಗೊಂಡರು. 1914ರ ಆಗಸ್ಟ್ 5ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹಾಕಿದ ವಿದ್ಯುತ್ ಸಿಗ್ನಲನ್ನೂ ಗೂಡಿನಲ್ಲಿ ಕುಳಿತ ಒಬ್ಬರು ಗುಂಡಿ ಒತ್ತಿ ನಡೆಸುತ್ತಿದ್ದರು. ದೀಪ ಹುಟ್ಟಿದ್ದು ಪೊಲೀಸರ ತೋಳನ್ನು ಉದ್ದಮಾಡಲು. ತೋಳಿಗೆ ಕಣ್ಣಿನ ಸಂಬಂಧ ತಪ್ಪಿದ್ದು, ಆ ಕೆಲಸವನ್ನು ಗಡಿಯಾರಕ್ಕೆ ಕೊಟ್ಟ ಮೇಲೆ.

ಆದರೂ ಚಾಲಕನ ಗೊಂದಲ ನಿಜವಾದದ್ದೇ. ಎರಡು ಆಜ್ಞೆಗಳು ಒಟ್ಟಿಗೆ ಕಂಡರೆ ಹೊಸಬರು ತಡಬಡಿಸುತ್ತಾರೆ, ಒಬ್ಬರು ನಿಂತು ಹಿಂದಿನವರು ನಿಲ್ಲದಿದ್ದರೆ ಗಾಡಿಗೆ ಗಾಡಿ ಗುದ್ದುತ್ತದೆ. ಐದನೇ ದಿನದಿಂದ ಅವರು ದಟ್ಟಣೆಯ ಹೊತ್ತಿನಲ್ಲಿ ಸಿಗ್ನಲನ್ನು ಮಿನುಗುವ ಹಳದಿಗೆ ಹಾಕಿಸಿದರು. ಅದು ಸರಿಯಾದ ತೀರ್ಮಾನವೆಂದು ನನಗನಿಸುತ್ತದೆ. ಕೈ ನಡೆಸುವಾಗ ದೀಪ ಸುಮ್ಮನಿರಬೇಕು.

ನಡೆದು ದಾಟುವವರು

ಇದುವರೆಗೆ ಗಾಡಿಗಳ ಮಾತೇ ಆಯಿತು. ಜೀಬ್ರಾ ಪಟ್ಟಿಯ ಮೇಲೆ ನಡೆಯುವವರಿಗೆ ಅವರಿಂದ ಆದ ಉಪಕಾರ ಇನ್ನೂ ದೊಡ್ಡದು.

ಮುಖ್ಯರಸ್ತೆಯ ಅಗಲ ಸುಮಾರು 18 ಮೀಟರ್. ಸಿಗ್ನಲ್‌ಗಳ ಲೆಕ್ಕದಲ್ಲಿ ನಡೆಯುವವರ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಹಾಗೆ ನೋಡಿದರೆ ದಾಟಲು 15 ಸೆಕೆಂಡ್ ಸಾಕು. ಮಂಡಿ ನೋವಿರುವ ಮುದುಕರು ಸೆಕೆಂಡಿಗೆ 0.9 ಮೀಟರ್ ನಡೆದರೆ ಅವರಿಗೆ 20 ಸೆಕೆಂಡ್ ಬೇಕು. ಆ ಐದು ಸೆಕೆಂಡ್ ಕಾಗದದ ಮೇಲೆ ಏನೂ ಅಲ್ಲ. ರಸ್ತೆಯ ಮೇಲೆ ಅದೆಂದರೆ ನಾಲ್ಕು ಮೀಟರಿಗೂ ಹೆಚ್ಚು ದಾರಿ, ಅಂದರೆ ಕೊನೆಯ ಒಂದು ಲೇನ್ ಪೂರ್ತಿ, ಹೊರಡಲು ಕಾಲೂರಿ ನಿಂತ ಗಾಡಿಗಳ ಎದುರು.

ಒಂದು ಸಂಜೆ ಊರುಗೋಲು ಹಿಡಿದ ಹಿರಿಯರೊಬ್ಬರು ಅಂಚಿನಲ್ಲಿ ನಿಂತು ಎರಡು ಸುತ್ತು ಕಾದರು. ಹೆಜ್ಜೆ ಇಡುವುದು, ಹಿಂದೆ ಸರಿಯುವುದು. ಮೂರನೇ ಸುತ್ತಿನಲ್ಲಿ ಅಧಿಕಾರಿ ಅವರ ಕಡೆ ನೋಡಿ “ಬನ್ನಿ ಅಜ್ಜ, ಅವಸರವಿಲ್ಲ” ಎಂದರು. ಮಾತು ನನಗೆ ಮೇಲಕ್ಕೆ ಕೇಳಲಿಲ್ಲ, ಪಕ್ಕದಲ್ಲಿದ್ದವರು ಆಮೇಲೆ ಹೇಳಿದ್ದು. ನನಗೆ ಕಂಡದ್ದು ಅವರು ಅಜ್ಜನ ಕೈ ಹಿಡಿಯದೆ ಹೋದದ್ದು. ಅಜ್ಜನಿಗೂ ಗಾಡಿಗಳಿಗೂ ನಡುವೆ ಬೆನ್ನು ಮಾಡಿ ನಿಂತು, ತೋಳು ಚಾಚಿ, ಅವರ ನಡಿಗೆಯ ವೇಗಕ್ಕೆ ಸರಿಯಾಗಿ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯುತ್ತ ಹೋದರು. ಅಜ್ಜ ತಾವೇ ನಡೆದು ದಾಟಿದರು. ಅಷ್ಟು ಹೊತ್ತು ಒಂದು ಹಾರ್ನೂ ಕೇಳಲಿಲ್ಲ. ಅದೇ ಜನ ಹಿಂದಿನ ವಾರ ಎರಡು ಸೆಕೆಂಡಿಗೆ ಹಾರ್ನ್ ಒತ್ತುತ್ತಿದ್ದರು. ತಮ್ಮನ್ನು ಯಾಕೆ ತಡೆದಿದ್ದಾರೆಂದು ಕಣ್ಣಿಗೆ ಕಂಡರೆ ಜನ ಕಾಯುತ್ತಾರೆ. ಕೆಂಪು ದೀಪ ಕಾರಣ ಹೇಳುವುದಿಲ್ಲ.

ಕೆಟ್ಟ ಒಂದು ಸಂಜೆ

ಎಲ್ಲ ಸಂಜೆಗಳೂ ಹೀಗಿರಲಿಲ್ಲ. ನಾಲ್ಕನೇ ವಾರದಲ್ಲಿ ಒಂದು ದಿನ ಅವರಿಗೆ ದಂಡ ಹಾಕುವ ಕೆಲಸವನ್ನೂ ಒಪ್ಪಿಸಿದರು. ಹೆಲ್ಮೆಟ್ ಇಲ್ಲದ ಒಬ್ಬ ಬೈಕ್ ಸವಾರನನ್ನು ಬದಿಗೆ ಕರೆದು ಬರೆಯತೊಡಗಿದರು. ಬರೆಯುವಾಗ ಬೆನ್ನು ಜಂಕ್ಷನ್‌ಗೆ ಆಯಿತು. ಸಿಗ್ನಲ್ ಇನ್ನೂ ಮಿನುಗುವ ಹಳದಿಯಲ್ಲಿಯೇ ಇತ್ತು. ನಾಲ್ಕೂ ಕಡೆಯಿಂದ ನಾ ಮುಂದು ತಾ ಮುಂದು ಎಂದು ನುಗ್ಗಿದರು. ಎರಡೇ ನಿಮಿಷದಲ್ಲಿ ಜಾಲರಿ ತುಂಬಿತು, ಅದನ್ನು ಬಿಡಿಸಲು ಮುಂದೆ ಅರ್ಧ ಗಂಟೆ ಹಿಡಿಯಿತು. ನಡುವೆ ಒಂದು ಆಂಬುಲೆನ್ಸ್ ಸಿಕ್ಕಿಕೊಂಡಿತ್ತು. ಅವರು ಒಂದೊಂದೇ ಗಾಡಿಯನ್ನು ಹಿಂದಕ್ಕೆ ಸರಿಸಿ ಅದಕ್ಕೆ ದಾರಿ ಮಾಡಿಕೊಡುವುದನ್ನು ನೋಡುತ್ತ ನಿಂತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆ ದೃಶ್ಯ ನನಗೆ ಮರೆಯದು.

ಹೆಲ್ಮೆಟ್ ಹಾಕಿಸುವುದು ಬೇಡವೆಂದಲ್ಲ, ಅದೂ ಜೀವ ಉಳಿಸುವ ಕೆಲಸ. ಆದರೆ ಜಂಕ್ಷನ್ ನಡೆಸುತ್ತಿರುವವರ ಕಣ್ಣನ್ನು ಒಂದು ನಿಮಿಷಕ್ಕೂ ಬೇರೆ ಕಡೆ ಸೆಳೆಯಬಾರದು. ಆ ಎರಡು ಕೆಲಸಕ್ಕೆ ಇಬ್ಬರು ಬೇಕು, ಇಬ್ಬರಿಲ್ಲದಿದ್ದರೆ ದಂಡ ಕಾಯಲಿ.

ಅವರ ಮೈ ತೆತ್ತ ಬೆಲೆಯನ್ನೂ ಬರೆಯದಿದ್ದರೆ ಈ ವರದಿ ಪೂರ್ತಿಯಾಗದು. ಸಂಜೆಯ ಮೂರು ಗಂಟೆ ಅವರು ನಿಂತದ್ದು, ನಿಂತಲ್ಲೇ ಉರಿಯುತ್ತಿರುವ ನೂರಾರು ಎಂಜಿನ್‌ಗಳ ನಡುವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನೂ 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ನಾವು ಗಾಜು ಏರಿಸಿ ಐದು ನಿಮಿಷದಲ್ಲಿ ದಾಟಿಹೋಗುವ ಗಾಳಿಯಲ್ಲಿ ಅವರು ಇಡೀ ಪಾಳಿ ಉಸಿರಾಡುತ್ತಾರೆ. ಕೊನೆಯ ಗಂಟೆಯಲ್ಲಿ ಅವರ ಕೈ ಏರುವುದು ಭುಜದ ಮಟ್ಟಕ್ಕೇ ನಿಲ್ಲುತ್ತಿತ್ತು, ಸನ್ನೆ ಅಸ್ಪಷ್ಟವಾಗುತ್ತಿತ್ತು, ಚಾಲಕರು ಒಂದು ಕ್ಷಣ ತಡವಾಗಿ ನಿಲ್ಲುತ್ತಿದ್ದರು. ದಣಿದ ಕೈಯಿಂದ ಅಪಘಾತವಾಗುತ್ತದೆ. ಗಂಟೆಗೊಮ್ಮೆ ಪಾಳಿ ಬದಲಿಸುವುದನ್ನು ಔದಾರ್ಯವೆಂದು ಯಾರೂ ಭಾವಿಸಬಾರದು, ಅದು ಕೆಲಸದ ಒಂದು ಭಾಗ.

ಸಿಗ್ನಲ್ ಕಲಿತದ್ದು

ನಾಲ್ಕನೇ ವಾರದ ಕೊನೆಗೆ ಅವರು ಬರೆದುಕೊಟ್ಟ ಟಿಪ್ಪಣಿಯ ಆಧಾರದ ಮೇಲೆ ಸಿಗ್ನಲ್‌ನ ಕಾಲವನ್ನು ಸಂಜೆಯ ಮಟ್ಟಿಗೆ ಬದಲಿಸಿದರು. ಮುಖ್ಯರಸ್ತೆಗೆ 50ರ ಬದಲು 25 ಸೆಕೆಂಡ್, ಅಡ್ಡರಸ್ತೆಗೆ 40, ಸುತ್ತು 75 ಸೆಕೆಂಡಿಗೆ ಇಳಿಯುವ ಬದಲು 100ರಲ್ಲೇ ಉಳಿಯಲೆಂದು ಮಿಕ್ಕ 25ನ್ನು ನಡೆದು ದಾಟುವವರಿಗೆ. ಸುತ್ತನ್ನು 100ರಲ್ಲೇ ಇಟ್ಟದ್ದಕ್ಕೆ ಕಾರಣ, ಮುಂದಿನ ಸಿಗ್ನಲ್‌ನ ಜೊತೆ ಹೆಜ್ಜೆ ತಪ್ಪಬಾರದು ಎಂಬುದು. ಅದಾದ ಮೇಲೆ ಐದನೇ ವಾರದಲ್ಲಿ ಹತ್ತರಲ್ಲಿ ಒಂಬತ್ತು ಸುತ್ತುಗಳಲ್ಲಿ ಅವರಿಗೆ ಕೈ ಎತ್ತುವ ಅಗತ್ಯವೇ ಬರಲಿಲ್ಲ. ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಉತ್ತರದ ಸಾಲು ಎಂದಾದರೂ ಉಬ್ಬಿದರೆ, ಲಾರಿಯೊಂದು ಅಗೆದ ಜಾಗದ ಹತ್ತಿರ ಕೆಟ್ಟು ನಿಂತರೆ, ಆಗ ಒಂದೆರಡು ಸುತ್ತು ಮುಂದೆ ಬಂದು ತಡೆದು ಮತ್ತೆ ಮೂಲೆಗೆ ಹೋಗುತ್ತಿದ್ದರು.

ನನ್ನ ಹಳೆಯ ಅಭಿಪ್ರಾಯದಲ್ಲಿ ನಿಜವಾಗಿ ಉಳಿದ ಅರ್ಧ ಇದು: ದಿನವೂ ಒಂದೇ ರೀತಿ ಬರುವ ದಟ್ಟಣೆಯನ್ನು ಸರಿಯಾಗಿ ಕಾಲ ಗೊತ್ತುಮಾಡಿದ ದೀಪ ಯಾವ ಮನುಷ್ಯರಿಗಿಂತಲೂ ಚೆನ್ನಾಗಿ ನಡೆಸುತ್ತದೆ. ಅದಕ್ಕೆ ದಣಿವಿಲ್ಲ, ಒಬ್ಬರ ಕಡೆ ವಾಲುವುದಿಲ್ಲ, ಹೊಗೆ ಕುಡಿಯುವುದಿಲ್ಲ. ವಾಹನಗಳನ್ನು ಗುರುತಿಸಿ ತಾನಾಗಿ ಕಾಲ ಬದಲಿಸಿಕೊಳ್ಳುವ ಸಿಗ್ನಲ್‌ಗಳೂ 1970ರ ದಶಕದಿಂದ ಇವೆ. ಸಿಡ್ನಿಯಲ್ಲಿ ಹುಟ್ಟಿದ ಸ್ಕ್ಯಾಟ್ಸ್ ಮುಖ್ಯವಾಗಿ ನಿಲುಗಡೆ ಗೆರೆಯ ಬಳಿ ವಾಹನಗಳನ್ನು ಎಣಿಸುತ್ತದೆ. ಬ್ರಿಟನ್ನಿನ ಸ್ಕೂಟ್ ಎಂಬ ವ್ಯವಸ್ಥೆ ಎಣಿಸುವುದು ರಸ್ತೆಯ ಆರಂಭದಲ್ಲಿ, ಹಿಂದಿನ ಜಂಕ್ಷನ್‌ನಿಂದ ವಾಹನ ಹೊರಬಿದ್ದ ಕೂಡಲೇ. ಈ ಎರಡನೆಯ ಜಾಗ ನನ್ನನ್ನು ಸೆಳೆಯಿತು. ನಮ್ಮ ಜಂಕ್ಷನ್‌ನಲ್ಲಿ ಹಾಗೊಂದು ಸಂವೇದಕ ಹಾಕುವುದಾದರೆ ಅದನ್ನು ಹೂಳಬೇಕಾದ ಜಾಗ, ಉತ್ತರದ ಸಾಲಿನ ಬಾಲ ಬಂದು ನಿಲ್ಲುವಲ್ಲಿ, ಅವರ ಕಣ್ಣು ದಿನವೂ ನೆಟ್ಟಿರುತ್ತಿದ್ದಲ್ಲಿ.

ಬಿದ್ದುಹೋದ ಅರ್ಧ, ಪೊಲೀಸರು ಬೇಕಾಗುವುದು ದೀಪ ಕೆಟ್ಟಾಗ ಎಂಬುದು. ದೀಪ ಪೂರ್ತಿ ಆರಿದಾಗ ಜನ ಹೇಗೋ ಸುಧಾರಿಸಿಕೊಳ್ಳುತ್ತಾರೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗಕ್ಕೂ ಕೆನಡಾದ ಒಂಟಾರಿಯೊಗೂ ವಿದ್ಯುತ್ ಹೋಗಿ ನ್ಯೂಯಾರ್ಕ್‌ನ ಸಿಗ್ನಲ್‌ಗಳೆಲ್ಲ ಆರಿದಾಗ ದಾರಿಹೋಕರೇ ಚೌಕಗಳಲ್ಲಿ ನಿಂತು ಕೈಬೀಸಿ ಸಂಚಾರ ನಡೆಸಿದರು. ಆರಿದ ದೀಪವನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಎಲ್ಲರೂ ನಿಧಾನಿಸುತ್ತಾರೆ. ಉರಿಯುತ್ತಿದ್ದೂ ಸುಳ್ಳು ಹೇಳುವ ದೀಪ ಅದಕ್ಕಿಂತ ಅಪಾಯ. ಹೋಗು ಎನ್ನುತ್ತದೆ, ಹೋಗಲು ಜಾಗವಿರುವುದಿಲ್ಲ. ಅವರ ಕೈ ಬೇಕಾದದ್ದು ಅಲ್ಲಿ.

ಐದನೇ ವಾರದ ಶುಕ್ರವಾರ ಕೊಳವೆ ಕೆಲಸ ಮುಗಿದು ಬೇಲಿ ತೆಗೆದರು. ಸೋಮವಾರದಿಂದ ಅವರಿಗೆ ಬೇರೆ ಜಂಕ್ಷನ್. ಹೊರಡುವ ದಿನ ಸಿಕ್ಕಾಗ, ಇಲ್ಲಿ ಇನ್ನು ಯಾರನ್ನೂ ನಿಲ್ಲಿಸುವುದಿಲ್ಲವೇ ಎಂದು ಕೇಳಿದೆ. “ಈಗ ಬೇಡ ಸರ್, ಆಚೆ ದಾರಿ ತೆರೆದಿದೆಯಲ್ಲ” ಎಂದರು. ದೀಪದ ಕಾಲವನ್ನು ಹಳೆಯ 50ಕ್ಕೆ ಮರಳಿಸಬೇಕೆಂದು ತಾವೇ ನೆನಪು ಮಾಡಿ ಬರೆದು ಕಳಿಸಿದ್ದನ್ನೂ ಹೇಳಿದರು.

ನನ್ನ ನೋಟ್‌ಬುಕ್‌ನ ಲೆಕ್ಕಗಳನ್ನು ಒಂದು ಪತ್ರವಾಗಿ ಬರೆದು ಸಂಚಾರ ಕಚೇರಿಗೆ ಕೊಟ್ಟೆ. ಮೂರು ಕೋರಿಕೆಗಳಿದ್ದವು. ಕೈಯಿಂದ ನಡೆಸುವ ಪೆಟ್ಟಿಗೆಯನ್ನು ಉತ್ತರದ ಅಂಚಿನಿಂದ ಪಶ್ಚಿಮದ ಮೂಲೆಗೆ ಸರಿಸಬೇಕು. ರಸ್ತೆ ಅಗೆಯಲು ಅನುಮತಿ ಕೊಡುವ ದಿನವೇ ಹಿಂದಿನ ಸಿಗ್ನಲ್‌ನ ಕಾಲವನ್ನೂ ಬದಲಿಸಬೇಕು, ಒಂದು ವಾರ ಜನರನ್ನು ನರಳಿಸಿ ಆಮೇಲಲ್ಲ. ಆಚೆ ದಾರಿ ಮುಚ್ಚಿಕೊಂಡಾಗ ಹತ್ತು ನಿಮಿಷದೊಳಗೆ ಒಬ್ಬ ಅಧಿಕಾರಿ ಬಂದು ನಿಲ್ಲುವ ಏರ್ಪಾಡಿರಬೇಕು, ಅವರಿಗೆ ದಂಡದ ಪುಸ್ತಕ ಕೊಡಬಾರದು. ಪೆಟ್ಟಿಗೆಯನ್ನು ಸರಿಸಿದ್ದಾರೆ. ಎರಡನೆಯದಕ್ಕೆ ಒಪ್ಪಿದ್ದೇವೆಂದು ಉತ್ತರ ಬಂದಿದೆ. ಮೂರನೆಯದಕ್ಕೆ ಸಿಬ್ಬಂದಿ ಸಾಲದು ಎಂದಿದ್ದಾರೆ. ಐದು ವಾರಗಳಲ್ಲಿ ಎಷ್ಟು ಸಂಜೆ, ಎಷ್ಟು ನಿಮಿಷ ಅವರ ಕೈ ನಿಜವಾಗಿ ಬೇಕಾಯಿತು ಎಂಬ ಎಣಿಕೆಯನ್ನು ಸೇರಿಸಿ ಆ ಪತ್ರವನ್ನು ಮತ್ತೆ ಬರೆಯುತ್ತಿದ್ದೇನೆ.